ಮತ್ತೆ ಮೊದಲನೆಯ ಪಾಠ

ಇಲಕಲ್ಲ, 13 ಡಿಸೆಂಬರ್ 2025
ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಬಂದು ಕುಳಿತಿದ್ದೇನೆ.

ಪ್ರಿಯ ಸಂಪದಾ,

ಫೋನಿನಲ್ಲಿ ನೀನು ನನ್ನನ್ನು ಒಪ್ಪಿಸಿಬಿಡುತ್ತೀ. ಅದಕ್ಕೇ ಈ ಕಾಗದ. ಬಾಗಲಕೋಟೆಯ ನಿನ್ನ ಹೊಸ ಶಾಲೆಯಲ್ಲಿ ನನಗೂ ಒಂದು ಜಾಗ ನೋಡಿದ್ದಕ್ಕೆ ಋಣಿ. ಬೇಸಿಗೆ ರಜೆಯಲ್ಲೂ ಸಂಬಳ ಕೊಡುವ ಶಾಲೆ ನಮ್ಮಂಥವರಿಗೆ ಸುಲಭವಾಗಿ ಸಿಗುವುದಿಲ್ಲ.

ನೀನು ಬಿಟ್ಟುಹೋದ ಹತ್ತನೆಯ ತರಗತಿಯ ಗಣಿತ, ನನ್ನ ಎಂಟನೆಯ ತರಗತಿಯ ಜೊತೆಗೆ, ಈಗ ನನ್ನ ಪಾಲಿಗೆ ಬಂದಿದೆ. ಜೂನ್‌ನಲ್ಲಿ ಅಮರೇಶ ಸರ್, ಆಮೇಲೆ ನೀನು, ನಿನ್ನ ನಂತರ ಹುನಗುಂದದ ಚೇತನಕುಮಾರ. ದೀಪಾವಳಿಗೆ ಊರಿಗೆ ಹೋದ ಅವರೂ ತಿರುಗಿ ಬರಲಿಲ್ಲ. ಬುನಾದಿ ಗಟ್ಟಿ ಮಾಡುತ್ತೇವೆಂದು ಬಂದವರೆಲ್ಲ ಮೊದಲನೆಯ ಪಾಠದಿಂದಲೇ ಹಿಡಿದೆವು. ನಾನೂ. ವಾಸ್ತವ ಸಂಖ್ಯೆಗಳನ್ನು ಮಕ್ಕಳು ನಿದ್ದೆಯಲ್ಲೂ ಹೇಳುತ್ತಾರೆ. ಮುಖ್ಯೋಪಾಧ್ಯಾಯ ಸತ್ಯಬೋಧ ಸರ್ ಪಾಲಕರ ಸಭೆಯಲ್ಲಿ ಅವರಿಂದ ಅದನ್ನೇ ಹೇಳಿಸಿ ಚಪ್ಪಾಳೆ ಹೊಡೆಸಿದರು. ತ್ರಿಕೋನಮಿತಿಯ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ.

ಹೋಗುವವರು ಮಕ್ಕಳಿಗೆ ಹೇಳಬಾರದೆಂಬ ಇಲ್ಲಿಯ ಪದ್ಧತಿ ನಿನಗೆ ಗೊತ್ತು. ನೀನು ಹೋದಾಗಲೂ ಮಿಸ್ ರಜೆಯ ಮೇಲಿದ್ದಾರೆ ಎಂದೇ ಹೇಳಿದರು. ಕಿಟಕಿಯ ಪಕ್ಕ ಕೂಡುವ ಬಸವೇಶ್ವರಿ ಅದನ್ನು ನಂಬಿದಳು. ನಿನಗೆ ತೋರಿಸಲು ಲೆಕ್ಕ ಬಿಡಿಸಿಕೊಂಡು ದಿನಾ ಸ್ಟಾಫ್ ರೂಮಿನ ಬಾಗಿಲಿಗೆ ಬರುತ್ತಿದ್ದಳು. ಒಂದು ದಿನ ಬರುವುದನ್ನು ಬಿಟ್ಟಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು. ಮಾರ್ಚ್‌ನಲ್ಲಿ ಫೇಲಾದರೆ ಓದು ಸಾಕೆಂದು ಅವಳ ತಂದೆ ನನಗೇ ಹೇಳಿ ಹೋಗಿದ್ದಾರೆ.

ಇವತ್ತು ತರಗತಿ ಮುಗಿಯುವ ಹೊತ್ತಿಗೆ ಅವಳು ಎದ್ದು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಮಿಸ್, ನೀವು ಯಾವಾಗ ಹೋಗ್ತೀರಿ ಅನ್ನೂದು ಮೊದ್ಲ ಹೇಳಿಬಿಡ್ರಿ. ಹೊಸಬ್ರು ಬಂದು ಮತ್ತ ಒಂದನೇ ಪಾಠ ಹಿಡಿಯೂದ್ರಾಗ, ಮುಂದಿಂದು ನಾವ ಓದ್ಕೋತೇವಿ.”

“ಸಂಕ್ರಾಂತಿ ತನಕಾ ಗ್ಯಾರಂಟಿ ಐತಿ ಲೇ,” ಎಂದು ಹಿಂದಿನ ಬೆಂಚಿನ ಶಾಬುದ್ದೀನ ಪಕ್ಕದವನಿಗೆ ಹೇಳಿದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಉತ್ತರಕ್ಕಾಗಿ ನಿಂತೇ ಇದ್ದಳು. ಗಂಟೆ ಹೊಡೆಯಿತು. ನಾನು ಹಾಜರಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದೆ.

ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರುವುದೆಂದು ನಿರ್ಧರಿಸಿದ್ದೇನೆ. ಸೋಮವಾರ ಅದನ್ನು ತರಗತಿಯಲ್ಲೇ ಹೇಳಿ, ಮುಂದಿನ ಪಾಠಕ್ಕೆ ಹೋಗುತ್ತೇನೆ.

ನಿನ್ನ,
ವಂದನಾ

ತಾ.ಕ.: ಬರುತ್ತೇನೆಂದು ನಿಮ್ಮ ಶಾಲೆಯವರಿಗೆ ಗುರುವಾರವೇ ಮಾತು ಕೊಟ್ಟಿದ್ದೆ. ಅಲ್ಲಿಯೂ ಸೋಮವಾರವೇ ಹಾಜರಾಗಬೇಕು. ಬರುವುದಿಲ್ಲವೆಂದು ಅವರಿಗೆ ಇನ್ನೂ ಫೋನ್ ಮಾಡಿಲ್ಲ. ಇದು ನಿನ್ನ ಕೈಸೇರುವ ಹೊತ್ತಿಗೆ ನಾನು ಅಲ್ಲಿಗೆ ಬಂದುಬಿಟ್ಟಿದ್ದರೆ, ಕಾಗದ ಸಿಕ್ಕಿತೆಂದು ನನಗೆ ಹೇಳಬೇಡ.