ಕೇಳ್ರಪ್ಪೋ, ಶಾಲುಬಾಯಿ ಹೇಳ್ತಾಳ

ಜನವರಿ 11, 2016. ಸೋಮವಾರ. ಬೆಳಿಗ್ಗೆ 7

ಬ್ಯಾಟರಿ ಚಾರ್ಜಿಗೆ ಹಾಕಿದೆ. ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿದೆ. ಭೋಂಗಾ ಸ್ಪೀಕರ್ ಒರೆಸಿದೆ — ಧೂಳು, ಧೂಳು, ಎರಡು ವರ್ಷದಿಂದ ಬರೀ ಧೂಳು. ಮಳೆರಾಯ ಈ ಬೀದರಿನ ರಂಗದಿಂದ ನಿರ್ಗಮಿಸಿದವನು ಮತ್ತೆ ಪ್ರವೇಶವೇ ಮಾಡಿಲ್ಲ.

ನಿನ್ನೆಯದು ಇನ್ನೂ ಎದೆಯಲ್ಲಿ ಉರಿಯುತ್ತಿದೆ. ಚೌಬಾರಾದ ಸೀರೆ ಅಂಗಡಿಯವನು. ಮೂರು ದಿನ ಅವನ ಸೇಲ್ ಮೈಕಿನಲ್ಲಿ ಕೂಗಿದ್ದೇನೆ, ಓಣಿ ಓಣಿ, ಕನ್ನಡ, ಮರಾಠಿ, ಉರ್ದು. ಈಗ ಹೇಳುತ್ತಾನೆ, "ಬಾಯಿ, ಪೆನ್‌ಡ್ರೈವಿನಾಗ ಹಾಕಿ ಕೊಟ್ಟುಬಿಡ್ರಿ. ನೀವ್ಯಾಕ ಬಿಸಿಲಾಗ ತಿರಗ್ತೀರಿ?" ಆಹಾ, ಏನು ಕರುಣೆ! ಹನ್ನೆರಡನೇ ವಯಸ್ಸಿಗೆ ಮೀಸೆ ಅಂಟಿಸಿಕೊಂಡು ಅಪ್ಪನ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡಿದವಳು ನಾನು. ಮೈಕು ಕೈಕೊಟ್ಟ ದಿನ ಬರಿಗಂಟಲಲ್ಲಿ ಕಟ್ಟಕಡೆಯ ಚಾಪೆಯವರೆಗೂ ಮಾತು ಮುಟ್ಟಿಸಿದವಳು. ಆ ಗಂಟಲನ್ನು ಬೆರಳುದ್ದದ ಕಡ್ಡಿಯೊಳಗೆ ತುಂಬಿ ಕೊಡಬೇಕಂತೆ.

ಕೊಡುವುದಿಲ್ಲ ಎಂದೆ. ಗಿರಾಕಿ ಹೋದ.

ಮುರ್ತುಜಾ ಭಾಯ್ ದಿನವಿಡೀ ಮುಖ ಊದಿಸಿಕೊಂಡಿದ್ದ. ಟಂಟಂ ಆಟೋ ಅವನದು, ಮೈಕು-ಮಷಿನ್ ನನ್ನದು, ದಂಧೆ ಇಬ್ಬರದು. "ಆಪಾ, ಬರಗಾಲದಾಗ ಬಂದ ಗಿರಾಕಿಗಿ ನಕ್ಕೋ, ಬ್ಯಾಡ ಅಂತಾರೇನ್ರಿ? ಗಾಡಿ ಮ್ಯಾಲ ಶಾಲು ಸೌಂಡ್ ಸರ್ವಿಸ್ ಅಂತ ಬೋರ್ಡ್ ಅದ. ಸರ್ವಿಸ್ ಎಲ್ಲದ?"

ಜನವರಿ 19

ಸೋತೆ. ಎಂಟು ದಿನದಲ್ಲಿ ಮೂರು ಗಿರಾಕಿ ಹೋದರು. ಎಲ್ಲರಿಗೂ ಕಡ್ಡಿಯೇ ಬೇಕು.

ಇವತ್ತು ಭಾಲ್ಕಿಯಿಂದ ದತ್ತಾತ್ರಿ ಎಂಬುವನು ಬಂದ. ಹೈದರಾಬಾದ್ ಕಡೆಯ ಇಟ್ಟಂಗಿ ಭಟ್ಟಿಗಳಿಗೆ ಕೂಲಿಯವರನ್ನು ಒಯ್ಯುವ ಗುತ್ತೇದಾರ. ಬಿಳಿ ಅಂಗಿ, ಕಿವಿಯಲ್ಲಿ ಅತ್ತರಿನ ಹತ್ತಿ. ಗಾಡಿಗಳು ಅವನವೇ, ನನ್ನ ದನಿ ಮಾತ್ರ ಬೇಕು. ಔರಾದ್ ತಾಲೂಕಿಗೆಲ್ಲ ಒಂದೇ ರೆಕಾರ್ಡಿಂಗ್. ಭಾಲ್ಕಿಯ ವ್ಯಾಪಾರಿಗಳೆಲ್ಲ ಅವನ ಗೆಳೆಯರಂತೆ, ಯುಗಾದಿ ಸೇಲ್ ಪೂರಾ ನಮಗೇ ಕೊಡಿಸುತ್ತಾನಂತೆ.

ಒಪ್ಪಿದೆ. ಫೋಟೋ ಸ್ಟುಡಿಯೋದ ಕೋಣೆಗೆ ಕೌದಿ ಕಟ್ಟಿ ರೆಕಾರ್ಡ್ ಮಾಡಿದೆವು. ಅವನು ಬರೆದು ತಂದ ಕಾಗದವೋ — ಒಣ ರೊಟ್ಟಿ. ಅದನ್ನು ಕೇಳಿ ಯಾರು ಎದ್ದು ಬರುತ್ತಾರೆ? ನಾನು ಉಸಿರು ತುಂಬಿದೆ. ಅವನದರಲ್ಲಿ ಮೂರೇ ಮಾತು: ಇರಲು ತಗಡಿನ ಮನೆ, ಬಾಗಿಲಿಗೆ ನೀರು, ಒಯ್ಯಲು ಲಾರಿ. ಮೂರಕ್ಕೆ ಚಪ್ಪಾಳೆ ಬೀಳುವುದಿಲ್ಲ, ನಾಲ್ಕಕ್ಕೆ ಬೀಳುತ್ತದೆ, ಅಪ್ಪ ಕಲಿಸಿದ್ದು. ಬಾಯಿಗೆ ಬಂದದ್ದೊಂದನ್ನು ಸೇರಿಸಿದೆ. ಮೊದಲಿಗೆ ಎಂದಿನಂತೆ, "ಕೇಳ್ರಪ್ಪೋ, ಶಾಲುಬಾಯಿ ಹೇಳ್ತಾಳ!"

"ಇದರಾಗ ಹೆಸರು ಬ್ಯಾಡ ಆಪಾ," ಎಂದ ಮುರ್ತುಜಾ.

"ಹೆಸರಿಲ್ಲದ ಮಾತು ಯಾರ ಮಾತು?" ಎಂದು ಗದರಿಸಿದೆ.

ದತ್ತಾತ್ರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾಚಿಕೆಯಿಲ್ಲದೆ ಬರೆಯುತ್ತೇನೆ — ಕುಣಿಯುವಷ್ಟು ಖುಷಿಯಾಯಿತು.

ಫೆಬ್ರವರಿ 2. ಮಧ್ಯಾಹ್ನ

ಠಾಣಾ ಕುಶನೂರಿಗೆ ಟ್ಯಾಂಕರ್ ನೀರಿನ ವೇಳೆ ಸಾರಲು ಹೋಗಿದ್ದೆವು. ನಮಗಿಂತ ಮೊದಲೇ ನಾನು ಅಲ್ಲಿದ್ದೆ! ದೂರದ ಓಣಿಯಲ್ಲಿ ನನ್ನ ದನಿ ಗುಡುಗುತ್ತಿದೆ. ಏನು ಕಂಠ! ಮುರ್ತುಜಾ ಕೈ ಮುಗಿದ, "ಸಲಾಂ ಆಪಾ, ಅಲ್ಲಿ ಒಬ್ಬಾಕಿ, ಇಲ್ಲಿ ಒಬ್ಬಾಕಿ, ನಾಷ್ಟಾ ಯಾರಿಗಿ ಕೊಡಿಸಲಿ?"

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಕೈ ಹಿಡಿದಳು. ಎಕಂಬಾದ ಕೇಶರಬಾಯಿ. ಗಂಡ, ಹತ್ತು ವರ್ಷದ ಮಗಳು, ಎರಡು ಗಂಟು. "ನಿಮ್ಮ ಮಾತ ಕೇಳೇ ಹೊಂಟೀವ್ರಿ ಬಾಯಿ. ಪೋರಿ ಸಾಲಿ ತಪ್ಪತದ ಅಂತ ಹೋದ ವರ್ಸ ಎಲ್ಲೂ ಹೋಗಿಲ್ಲ. ಈಗ ಚಿಂತಿಲ್ಲ ನೋಡ್ರಿ."

ಹುಡುಗಿಯ ಗಲ್ಲ ಹಿಂಡಿ, "ಶಾಣ್ಯಾಕಿ ಆಗು" ಎಂದೆ. ನಾಟಕದ ರಾಣಿಯ ಹಾಗೆ ಕೈ ಎತ್ತಿ ಹರಸಿದೆ.

ಮಾರ್ಚ್ 8

ತಿಂಗಳ ಮೇಲಾಯಿತು ಬರೆದು. ಕೆಲಸ, ಕೆಲಸ. ಹೊಸ ಭೋಂಗಾ ಕೂಡ ಬಂತು.

ಬೆಳಿಗ್ಗೆ ಹತ್ತಕ್ಕೆ ಕೇಶರಬಾಯಿ ಬಾಗಿಲಲ್ಲಿ. ಗುರುತೇ ಸಿಗಲಿಲ್ಲ. ಒಳಗೆ ಬಾ ಎಂದರೆ ಬರಲಿಲ್ಲ. ಮಗಳ ಎರಡೂ ಅಂಗೈಗಳನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ಚರ್ಮ ಕಿತ್ತು ಹೋಗಿ ಕೆಂಪಗೆ. ಹಸಿ ಇಟ್ಟಂಗಿ ಹೊತ್ತ ಕೈಗಳು.

"ಇದೇನ್ರಿ ಬಾಯಿ ನಿಮ್ಮ ಸಾಲಿ?"

ತಗಡಿನ ಮನೆಯೂ ಇಲ್ಲವಂತೆ, ಪ್ಲಾಸ್ಟಿಕ್ ಹಾಳೆ. ನೀರು ಒಂದು ಮೈಲಿ ದೂರ. ಶಾಲೆ ಎಲ್ಲಿ ಎಂದು ಕೇಳಿದ್ದಕ್ಕೆ ಭಟ್ಟಿಯ ಮಾಲೀಕ ನಕ್ಕನಂತೆ. ಹುಡುಗಿಗೆ ಜ್ವರ ಏರಿದ ಮೇಲೆ ಗಂಡನನ್ನು ಅಲ್ಲೇ ಬಿಟ್ಟು ಬಂದಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ ಎಂದರಂತೆ.

"ಗುತ್ತೇದಾರನ ಮಾತ ನಾ ನಂಬತಿದ್ದಿಲ್ರಿ. ಅಂವಾ ಯಾವನೋ. ನೀವು ಹೆಸರು ಹೇಳಿ ಹೇಳಿದ್ರಿ."

ಎಲವೋ ದತ್ತಾತ್ರಿ! ನಿನ್ನ ಆ ಅತ್ತರಿನ ಕಿವಿಯನ್ನೇ ಕಿತ್ತು ಕೈಗೆ ಕೊಡುತ್ತೇನೆ ಎಂದು ಟಂಟಂ ಹತ್ತಿದೆ. ಭಾಲ್ಕಿ ಮುಟ್ಟುವವರೆಗೂ ಒದರಿದೆ. ಅವನ ಆಫೀಸಿನ ಮೆಟ್ಟಿಲಿನಿಂದಲೇ ಶುರು ಮಾಡಿದೆ: ಮೋಸಗಾರ, ಮಕ್ಕಳ ಕೈ ತಿಂದವನೇ, ಶಾಲೆ ಎಲ್ಲಿ? ಬೀದಿಯ ಜನ ಸೇರಿದರು.

ಅವನು ಏಳಲೂ ಇಲ್ಲ. ಡ್ರಾವರ್‌ನಿಂದ ಆ ಕಾಗದ ತೆಗೆದು ನನ್ನ ಕಡೆ ಸರಿಸಿದ.

"ಓದ್ರಿ ಬಾಯಿ. ಸಾಲಿ ಅಂತ ಎಲ್ಲದ ಇದರಾಗ?"

ಓದಿದೆ. ಮನೆ. ನೀರು. ಲಾರಿ. ಮತ್ತೊಮ್ಮೆ ಓದಿದೆ.

"ಮನಿ, ನೀರು ನನ್ನ ಸುಳ್ಳು ಅನ್ರಿ, ಒಪ್ಪತೀನಿ. ಸಾಲಿ ನಿಮ್ದು. ಇಬ್ಬರೂ ಕೂಡೇ ನಾಟಕ ಕಟ್ಟೀವಿ. ಆದ್ರ ಖರೇ ಹೇಳ್ಲಿ? ಜನ ಬಂದದ್ದು ಸಾಲಿಗೇ." ನಕ್ಕ. "ಶನಿವಾರ ಎಕಂಬಾದಿಂದ ಇನ್ನೊಂದು ಲಾರಿ ಹೊಂಟದ. ಹತ್ತೊಂಬತ್ತು ಮನಿ. ಎಲ್ಲಾ ನಿಮ್ಮ ಪುಣ್ಯ."

ಬೈಯಲು ಬಾಯಿ ತೆರೆದೆ. ಬೈಯದೆಯೇ ಮೆಟ್ಟಿಲಿಳಿದೆ. ಹುಟ್ಟಿದಾರಭ್ಯ ಮೊದಲ ಸಲ.

ಮಾರ್ಚ್ 9

ಚಪ್ಪಾಳೆಗಾಗಿ. ಒಂದು ಚಪ್ಪಾಳೆಗಾಗಿ!

ಮುರ್ತುಜಾನಿಗೆ ಹೇಳಿದೆ: ಶನಿವಾರ ಎಕಂಬಾಕ್ಕೆ ಹೋಗಬೇಕು, ಲಾರಿ ಹೊರಡುವ ಮೊದಲೇ ಸಾರಬೇಕು, ಶಾಲೆ ಸುಳ್ಳು, ಮನೆ ಸುಳ್ಳು ಎಂದು.

"ಹೇಳಿದ್ರ ಯುಗಾದಿ ಸೇಲ್ ಹೋಗತದ. ಭಾಲ್ಕಿ ಬಂದ್ ಆಗತದ. ಆಮ್ಯಾಲ ಯಾರು ಕರೀತಾರ ನಮಗ? ಶಾಲುಬಾಯಿ ತಾ ಹೇಳಿದ್ದು ತಾನೇ ಸುಳ್ಳಂತ ಅಂದಾಳ ಅಂತಾರ."

"ಅಂತಾರ."

"ಎರಡು ವರ್ಸದ ದಂಧಾ ಆಪಾ."

"ಕೈ ನೋಡಿದಿ ಇಲ್ಲೋ ಆ ಪೋರಿದು?"

ಬೀಡಿ ಹಚ್ಚಿದ. ಸೇದಲಿಲ್ಲ. "ನೋಡೀನಿ. ಬ್ಯಾಟರಿ ಎರಡೂ ಚಾರ್ಜಿಗಿ ಹಾಕ್ರಿ," ಎಂದು ಹೋದ.

ಮಾರ್ಚ್ 12, ಶನಿವಾರ. ಎಕಂಬಾದಿಂದ ಬರುತ್ತ, ಟಂಟಂನಲ್ಲೇ

ಮುಟ್ಟಿದಾಗ ಲಾರಿ ಅರ್ಧ ತುಂಬಿತ್ತು. ಪಕ್ಕದಲ್ಲೇ ದತ್ತಾತ್ರಿಯ ಗಾಡಿ, ಅದರ ಮೇಲೆ ನಾನು — ಕೇಳ್ರಪ್ಪೋ, ಶಾಲುಬಾಯಿ ಹೇಳ್ತಾಳ, ಮಕ್ಕಳಿಗಿ ಸಾಲಿ! ಇತ್ತ ನಾನು ಮೈಕು ಹಿಡಿದು, "ಕೇಳ್ರಪ್ಪೋ, ಸಾಲಿ ಇಲ್ಲ!" ಒಂದೇ ಗಂಟಲು, ಎರಡು ಭೋಂಗಾ. ರೆಕಾರ್ಡಿನವಳಿಗೆ ಕೆಮ್ಮಿಲ್ಲ, ದಣಿವಿಲ್ಲ, ನಾಚಿಕೆಯಿಲ್ಲ. ಹಾಳಾದವಳು! ನನ್ನನ್ನು ನಾನೇ ಮೀರಿಸಲಾಗಲಿಲ್ಲ.

ಜನ ನಕ್ಕರು. ಮುದುಕನೊಬ್ಬ ಕೂಗಿದ, "ಏ ಬಾಯಿ, ಇದ್ರಾಗ ಖರೇ ಶಾಲುಬಾಯಿ ಯಾರು?"

ಮೈಕು ಎಸೆದು ಇಳಿದೆ. ಲಾರಿಯ ಮುಂದೆ ನಿಂತೆ. ಎದೆ ಬಡಿದುಕೊಂಡು ಹೇಳಿದೆ — ಸಾಲಿ ನಾನು ಕಟ್ಟಿದ ಸುಳ್ಳು, ನನ್ನ ನಾಲಿಗೆ ಸುಡಲಿ ಎಂದೆ. ಹೇಳಿದ್ದು ಚೆನ್ನಾಗಿಯೇ ಬಂತು. ಬಹಳ ಚೆನ್ನಾಗಿ. ಚಪ್ಪಾಳೆ ಬಿತ್ತು.

ಚಪ್ಪಾಳೆ!

ಆಗ ಕೇಶರಬಾಯಿ ಮಗಳನ್ನು ಎತ್ತಿಕೊಂಡು ಬಂದು ಲಾರಿಯ ಹಲಗೆಯ ಮೇಲೆ ಕೂರಿಸಿದಳು. ಹುಡುಗಿ ಅಂಗೈ ಬಿಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿದರು. ಒಬ್ಬಳು ಗಂಟು ಕೆಳಗೆ ಎಸೆದಳು. ಇನ್ನೊಬ್ಬಳು. ಏಳು ಮನೆಯವರು ಇಳಿದರು.

ಹನ್ನೆರಡು ಮನೆಯವರು ಇಳಿಯಲಿಲ್ಲ. ಅದರಲ್ಲೊಬ್ಬ ಮಗುವಿನ ಟೊಪ್ಪಿಗೆ ಸರಿಮಾಡುತ್ತ ಮೆಲ್ಲಗೆ ಹೇಳಿದ, "ಸಾಲಿ ಇಲ್ಲಂದ್ರ ಇಲ್ಲ ಬಿಡ್ರಿ. ಇಲ್ಲಿ ಏನದ? ಆದ್ರ ನೀವು ಮೊದ್ಲೇ ಹೇಳಬೇಕಿತ್ರಿ. ಪೋರಗ ಪಾಟಿ, ಬಳಪ ತಗೊಂಡೀನಿ."

ಲಾರಿ ಹೋಯಿತು. ಧೂಳು. ಮುರ್ತುಜಾ ನನ್ನ ಮುಖ ನೋಡಲಿಲ್ಲ, ಒಳ್ಳೆಯದೇ ಮಾಡಿದ.

ಮಾರ್ಚ್ 15. ಬೆಳಿಗ್ಗೆ 6

ಭಾಲ್ಕಿಯಿಂದ ಫೋನು, ಸೇಲ್ ಕೆಲಸ ಬೇರೆಯವರಿಗಂತೆ. ನಾನು ಕಡ್ಡಿಗೆ ಒಪ್ಪಿದ ಮೇಲೆ ಮರಳಿದ್ದ ಸೀರೆ ಅಂಗಡಿಯವನೂ ಬೇಡ ಎಂದ. ಬೇಡವಾದರೆ ಬೇಡ, ಬೆಂಕಿ ಬೀಳಲಿ.

ದತ್ತಾತ್ರಿಯ ಗಾಡಿಗಳು ಇನ್ನೂ ತಿರುಗುತ್ತಿವೆ. ನಿನ್ನೆ ಜನವಾಡದಲ್ಲಿ ನನ್ನ ದನಿ ಕೇಳಿದವರಿದ್ದಾರೆ. ಅವು ಹೋದಲ್ಲೆಲ್ಲ ನಾವೂ ಹೋಗುವುದು. ಮುರ್ತುಜಾ ಊರುಗಳನ್ನು ಬೆರಳಲ್ಲಿ ಎಣಿಸುತ್ತಿದ್ದಾನೆ, ಬೆರಳು ಸಾಲದೆ ಮತ್ತೆ ಮೊದಲಿಂದ. ಯಾರೂ ಕರೆದಿಲ್ಲ. ಯಾರೂ ಕರೆಯುವುದೂ ಇಲ್ಲ.

ಇವತ್ತು ಬರೆದುಕೊಂಡೇ ಹೋಗಬೇಕು. ಬಾಯಿಗೆ ಬಂದದ್ದಲ್ಲ.

"ಕೇಳ್ರಿ, ಭಟ್ಟಿಯ ಸುಡುಗಾಡಿನಲ್ಲಿ ಸಾಲಿ ಎಂಬುದು..."

ಗಟ್ಟಿಯಾಗಿ ಓದಿ ನೋಡಿದೆ. ತಾಳ ಬಂದುಬಿಟ್ಟಿದೆ, ಹಾಳು ತಾಳ. ಹೊಡೆದುಹಾಕಿದೆ. "ಮಕ್ಕಳ ಕೈ" ಅಂತ ಬರೆದೆ, ಅದಕ್ಕೂ ಚಪ್ಪಾಳೆ ಬೀಳುತ್ತದೆ. ಹೊಡೆದುಹಾಕಿದೆ.

ಮುರ್ತುಜಾ ಹಾರ್ನ್ ಹೊಡೆಯುತ್ತಿದ್ದಾನೆ. ಬಂದೆ, ಬಂದೆ.

ಭಟ್ಟಿಯಾಗ ಸಾಲಿ ಇಲ್ಲ. ಅದ ಅಂತ ಹೇಳಿದಾಕಿ ನಾನು. ಯಾಕ ಹೇಳಿದೆ ಅಂದ್ರ —