ಲೋಸಾಳ ಸಹಿ

ಮಾರ್ಚ್ 4, ಸೋಮವಾರ
ಸಿಲಿಯಾಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬಂದೆ. ಅವಳನ್ನು ಟೋಂಗಾಕ್ಕೆ, ನನ್ನ ಅಮ್ಮನ ಹತ್ತಿರ ಕರೆದೊಯ್ಯಲು ಟಿಕೆಟ್ ತೆಗೆದ ಹಡಗಿನ ಕಂಪನಿಯ ಇಮೇಲ್ ಮತ್ತೆ ಓದಿದೆ. ಹೆತ್ತವರು ಜೊತೆಗಿಲ್ಲದಿದ್ದರೆ ಇಬ್ಬರ ಒಪ್ಪಿಗೆ ಪತ್ರವೂ ಬೇಕಂತೆ. ಫೋನ್ ಮಾಡಿದೆ.
"ನೀವು ಮಗೂಗೆ ಏನಾಗ್ಬೇಕು?"
"ತಾಯಿ."
"ಬರ್ತ್ ಸರ್ಟಿಫಿಕೇಟಲ್ಲಿ ಬೇರೆ ಹೆಸರಿದೆ."
ಇದೆ. ಹೆತ್ತವರು ನನ್ನ ತಮ್ಮ ಸೆಮಿಸಿ, ಅವನ ಹೆಂಡತಿ ಲೋಸಾ. ನಮ್ಮ ಟೋಂಗಾದವರಲ್ಲಿ ಅಕ್ಕ ಕೇಳಿದರೆ ತಮ್ಮ ಇಲ್ಲ ಎನ್ನುವುದಿಲ್ಲ. ನನಗೆ ಮಕ್ಕಳಿರಲಿಲ್ಲ, ಕೇಳಿದೆ. ಕೊಟ್ಟ. ಹನ್ನೆರಡು ದಿನದ ಕೂಸು. ಈಗ ಒಂಬತ್ತು ವರ್ಷ. ಇದನ್ನೆಲ್ಲ ಕಾಲ್ ಸೆಂಟರಿನ ಹುಡುಗಿಗೆ ಹೇಗೆ ಹೇಳಲಿ...

ಮಾರ್ಚ್ 10, ಭಾನುವಾರ
ಚರ್ಚ್ ಮುಗಿದ ಮೇಲೆ ಕೆಸುವಿನೆಲೆಯಲ್ಲಿ ಬೇಯಿಸಿದ ಮಾಂಸ. ಮೊದಲ ಪಾಲು ಎಂದಿನಂತೆ ಅಕ್ಕನಾದ ನನಗೇ. ಸೆಮಿಸಿ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಿದ. ಕಾಗದ ಹಿಡಿದು ಲೋಸಾ ಕೂತಿದ್ದ ಕಾರಿನ ಹತ್ತಿರ ಹೋದ, ಅವಳ ಸಹಿಯೂ ತಂದ. ಅವಳು ಇಳಿಯಲೇ ಇಲ್ಲ. ಪಾಸ್‌ಪೋರ್ಟಿಗೂ ಹೀಗೇ ತಂದುಕೊಟ್ಟಿದ್ದ. ಹೇಗೆ ಹಾಕಿಸಿದೆ ಎಂದು ನಾನೂ ಕೇಳುವವಳಲ್ಲ.
ಅಮ್ಮನಿಗೆ ಫೋನ್. ಅವಳಿಗೆ ಎಂಬತ್ತೆಂಟು ವರ್ಷ. ಕಣ್ಣು ಮುಕ್ಕಾಲು ಹೋಗಿದೆ. "ಸಿಲಿಯಾಗೆ ಅಂತ ಚಾಪೆ ನೇಯ್ತಾ ಇದೀನಿ ಕಣೇ. ಬೇಗ ಕರ್ಕೊಂಡು ಬಾ." ವಿಮಾನ ನನ್ನ ಶ್ವಾಸಕೋಶಕ್ಕೆ ಆಗದು ಎಂದಿದ್ದಾರೆ ಡಾಕ್ಟರ್. ಹಡಗು ಅಮ್ಮನ ಊರಲ್ಲಿ ನಿಲ್ಲುವುದು ಒಂದೇ ದಿನ. ಸಾಕು.

ಮಾರ್ಚ್ 14, ಗುರುವಾರ
ಒಪ್ಪಿಗೆ ಪತ್ರದ ಸಹಿಗೆ ಸರ್ಕಾರ ನೇಮಿಸಿದ ಜೆ.ಪಿ. ಸಾಕ್ಷಿ ಹಾಕಬೇಕು; ಅವರು ಗುರುವಾರ ಲೈಬ್ರರಿಯಲ್ಲಿ ಕೂರುತ್ತಾರೆ. ಕಾಲಿನ್ ಅಂತ, ಮುದುಕ. ಕಾಗದ ನೋಡಿ ವಾಪಸ್ ತಳ್ಳಿದ.
"ನಾನು ನೋಡದೆ ಇರೋ ಸಹಿಗೆ ಹೇಗಮ್ಮ ಸಾಕ್ಷಿ ಹಾಕ್ಲಿ? ಇಬ್ರನ್ನೂ ಕರ್ಕೊಂಡ್ ಬನ್ನಿ. ಹೊಸ ಕಾಗದ."
ಹಡಗು 29ಕ್ಕೆ. ಸಿಲಿಯಾ ಆಗಲೇ ಸೂಟ್‌ಕೇಸ್ ತುಂಬಿಟ್ಟಿದ್ದಾಳೆ. ಒಂದೇ ಸೂಟ್‌ಕೇಸ್, ಇಬ್ಬರ ಬಟ್ಟೆ.

ಮಾರ್ಚ್ 21, ಗುರುವಾರ
ಹೊಸ ಕಾಗದ ಹಿಡಿದು ಇಬ್ಬರನ್ನೂ ಲೈಬ್ರರಿಗೆ ಕರೆದುಕೊಂಡು ಹೋದೆ.
ಸೆಮಿಸಿ ಸಹಿ ಹಾಕಿದ. ಪೆನ್ನು ಲೋಸಾಳ ಕೈಗೆ. ಕಾಲಿನ್ ಎಲ್ಲರನ್ನೂ ಕೇಳುವ ಹಾಗೆ ಕೇಳಿದ — "ಓದಿದ್ರಾ? ನಿಮ್ಮ ಇಷ್ಟದಿಂದಾನೇ ಹಾಕ್ತಿದೀರಿ ತಾನೆ?"
ಲೋಸಾ ಕಾಗದದಿಂದ ತಲೆಯೆತ್ತಿ ಅವನನ್ನು ನೋಡಿದಳು.
"ಒಂಬತ್ತು ವರ್ಷದಲ್ಲಿ ಇದನ್ನ ಕೇಳಿದೋರು ನೀವೇ ಮೊದಲು."
"ಲೋಸಾ, ಅಕ್ಕನ ಮುಂದೆ..." ಅಂದ ಸೆಮಿಸಿ.
"ಅಕ್ಕ ಕೇಳಿದ್ದು ನಿಮ್ಮನ್ನ. ಹೂಂ ಅಂದಿದ್ದು ನೀವು. ನನಗಿನ್ನೂ ಎದೆಹಾಲು ಬತ್ತಿರ್ಲಿಲ್ಲ."
ಪೆನ್ನು ಕೆಳಗಿಟ್ಟಳು. "ನಾನು ಹಾಕಲ್ಲ. ಸಿಲಿಯಾ ವಾಪಸ್ ನಮ್ಮನೆಗೆ ಬರ್ಲಿ."
ಮೊದಲು ಬಂದದ್ದು ಕೋಪ. ತಮ್ಮನ ಹೆಂಡತಿ ನನಗೆ ಎದುರಾಡುವುದೇ? ಬಸ್ಸಿನಲ್ಲಿ ನಾಚಿಕೆ ಬಂತು. ಕೂಸನ್ನು ತಂದ ದಿನ ಲೋಸಾಳ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನಾನು ನೋಡಿಯೇ ಇರಲಿಲ್ಲ.

ಮಾರ್ಚ್ 22
ಉಚಿತ ಕಾನೂನು ಸಲಹೆಗೆ ಫೋನ್. "ನಿಮ್ಮ ಹತ್ರ ಕೋರ್ಟ್ ಕಾಗದ ಏನಾದ್ರೂ ಇದೆಯಾ?" ಏನಿಲ್ಲ. ಎಲ್ಲ ಬಾಯಿಮಾತು. ಕೇಸು ಹಾಕಬಹುದಂತೆ. ತಮ್ಮನ ಮೇಲೆ, ಕೋರ್ಟಿನಲ್ಲಿ? ಮತ್ತೆ, ಏನೆಂದು ಹೇಳಲಿ? ಲೋಸಾಳನ್ನು ಕೇಳದೆ ಕೂಸನ್ನು ತಂದೆ ಎಂದೇ?

ಮಾರ್ಚ್ 29, ಶುಕ್ರವಾರ
ಹಡಗು ನಾಲ್ಕು ಗಂಟೆಗೆ ಹೊರಟಿರಬೇಕು. ನಾವು ಬರುತ್ತಿಲ್ಲ ಎಂದು ಅಮ್ಮನಿಗೆ ಫೋನ್ ಮಾಡಿದೆ. "ಚಾಪೆ ಮುಗೀತು" ಅಂದಳು, ಅಷ್ಟೇ.
ಸಿಲಿಯಾಳನ್ನು ಕಳಿಸುತ್ತೇನೆ ಎಂದು ಲೋಸಾಳಿಗೆ ಹೇಳಿ, ಸೂಟ್‌ಕೇಸಿನಿಂದ ನನ್ನ ಬಟ್ಟೆ ತೆಗೆದಿಟ್ಟೆ. ಸಿಲಿಯಾಳಿಗೆ ಹೇಳಿದ್ದು ಇಷ್ಟೇ — ನಾಳೆ ಲೋಸಾ ಅತ್ತೆಯ ಮನೆಗೆ. ಇನ್ನು ಅಲ್ಲೇ ಇರಬೇಕು, ನಾನು ಜೊತೆಗೆ ಬರುವುದಿಲ್ಲ ಎಂಬುದನ್ನು ಬೆಳಿಗ್ಗೆ ಹೇಳುತ್ತೇನೆ.

ಮಾರ್ಚ್ 30, ಬೆಳಿಗ್ಗೆ 9:40
ಸೆಮಿಸಿ, ಲೋಸಾ ಹತ್ತಕ್ಕೆ ಬರುತ್ತಾರೆ. ಇನ್ನೂ ಹೇಳಿಲ್ಲ. ಜಡೆ ಹಾಕಿದೆ, ಬಿಚ್ಚಿ ಮತ್ತೆ ಹಾಕಿದೆ.
ಸೂಟ್‌ಕೇಸ್ ಭಾರವಿತ್ತು. ತೆರೆದರೆ ನನ್ನ ಚರ್ಚಿನ ಡ್ರೆಸ್, ಚಪ್ಪಲಿ, ಮಾತ್ರೆ ಡಬ್ಬಿ. ಎಲ್ಲ ಮತ್ತೆ ಒಳಗೆ. "ನೀನು ನಿಂದು ಮರ್ತುಬಿಟ್ಟಿದ್ದೆ ಅಮ್ಮ, ನಾನೇ ಇಟ್ಟೆ."
ಕಾರು ಬಂತು. ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ — "ಅಮ್ಮ, ಬರೆದಿದ್ದು ಸಾಕು, ಬಾ, ಹೋಗೋಣ." ಹೋಗೋಣ ಅಂತಿದ್ದಾಳೆ. ಅವಳಿಗೆ ಇನ್ನೂ...