ಇನ್ನೂ ಸ್ವಲ್ಪ ಇಳಿಸಪ್ಪ

ರವೀಂದ್ರನಗರ, ಶಿವಮೊಗ್ಗ
14-11-2024, ಗುರುವಾರ

ಪ್ರೀತಿಯ ಶಕುಂತಲಾ,

ಹೇಗಿದ್ದೀಯ? ನಮ್ಮ ಸ್ಫೂರ್ತಿ ಎದ್ದು ಓಡಾಡುತ್ತಿದ್ದಾಳೆಯೇ? ಕೂಸು ರಾತ್ರಿ ಮಲಗಲು ಬಿಡುತ್ತದೋ ಇಲ್ಲವೋ? ಮಗಳ ಬಾಣಂತನದ ಭರದಲ್ಲಿ ನಿನ್ನ ಊಟ ತಪ್ಪಿಸಬೇಡ. ಫೋನಿದ್ದೂ ಕಾಗದವೇಕೆ ಎನ್ನಬೇಡ ಮಾರಾಯ್ತಿ. ಫೋನು ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಭದ್ರಾವತಿಯ ಬೀಗರ ಮನೆಯವರೆಲ್ಲ ನನ್ನ ಸಕ್ಕರೆ ಕಾಯಿಲೆಯ ಪುರಾಣ ಕೇಳುತ್ತಾರೆ. ಅದಕ್ಕೇ ಬಾಣಂತಿ ಖಾರದ ಡಬ್ಬಿಯ ಜೊತೆ ಪಕ್ಕದ ಮನೆಯ ದೇವರಾಜನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಡಾಕ್ಟರು ಹೇಳಿದಂತೆ ಸೈಕಲ್ ತುಳಿಯಲು ಶುರು ಮಾಡಿದೆ. ಅಳಿಯಂದಿರು ಕೊಟ್ಟ ಸೈಕಲ್ಲು, ಅವರೋ ಆರಡಿ ಆಳು; ನಾನು ಹತ್ತಿದರೆ ಅಟ್ಟದ ಮೇಲೆ ಕೂತಂತೆ. ಕೋಟೆಯ ಹತ್ತಿರದ ಶಾಪಿಗೆ ತಳ್ಳಿಕೊಂಡು ಹೋದೆ. ಶಾಪಿನ ಮುರುಗೇಶಪ್ಪ ನನ್ನನ್ನು ಸೀಟಿನ ಮೇಲೆ ಕೂರಿಸಿ, "ಪೆಡಲ್ ಕೆಳಗೆ ಹೋದಾಗ ಮಂಡಿ ಚೂರು ಬಾಗಿರ್ಬೇಕು ಯಜಮಾನ್ರೇ, ನಿಲ್ಲಿಸ್ದಾಗ ಕಾಲ್ಬೆರಳು ನೆಲಕ್ಕೆ ತಾಗಿದ್ರೆ ಸಾಕು" ಎಂದ. ಕೆಳಗೆ ನೋಡಿದರೆ ತಲೆ ಸುತ್ತೀತೆಂದು ನಾನು ಎದುರಿನ ಗೋಡೆಯನ್ನೇ ನೋಡುತ್ತಿದ್ದೆ. ಬಲಗಾಲು ತಾಗಿತು, ಎಡಗಾಲು ತಾಗಲಿಲ್ಲ. "ಇನ್ನೂ ಸ್ವಲ್ಪ ಇಳಿಸಪ್ಪ" ಎಂದೆ. ಇಳಿಸಿದ. ಮತ್ತೆ ಇಳಿಸು ಎಂದೆ. "ತಾಗಿದೆಯಲ್ಲ" ಅಂತಾನೆ ಕೆಲಸಗಳ್ಳ! ನನ್ನ ಕಾಲು ನನಗೆ ಗೊತ್ತಿಲ್ಲವೇ? ಕೊನೆಗೆ ಸೀಟನ್ನು ಪೂರ್ತಿ ತಗ್ಗಿಸಿ, "ಇನ್ನು ಇಳ್ಸೋಕೆ ನೆಲಾನೇ ಅಗೀಬೇಕು" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಈಗ ತುಳಿದರೆ ಮಂಡಿ ಹೊಟ್ಟೆಗೆ ಬಡಿಯುತ್ತದೆ, ನೋವೂ ಶುರುವಾಗಿದೆ. ನಿನ್ನೆ ತುಂಗಾ ಸೇತುವೆಯ ಮೇಲೆ ಸಿಟಿ ಬಸ್ಸೊಂದು ಹಿಂದೆಯೇ ಬಂದು ಹಾರ್ನ್ ಹೊಡೆಯಿತು, ಮೊದಲೇ ಹೆದರಿದವನ ಮೇಲೆ ಹಾವು ಎಸೆದ ಹಾಗೆ. ಎಡಗಾಲು ಊರಿದೆ. ಊರಿದೆನೋ ಇಲ್ಲವೋ, ಸೈಕಲ್ಲು ವಾಲಿಯೇಬಿಟ್ಟಿತು. ಸೇತುವೆಯ ಕಂಬಿ ಕೈಗೆ ಸಿಕ್ಕಿದ್ದಕ್ಕೆ ಬದುಕಿದೆ. ಮನೆಯವರೆಗೂ ತಳ್ಳಿಕೊಂಡೇ ಬಂದೆ. ತುಂಬ ಭಯವಾಗಿದೆ ಶಕುಂತಲಾ.

ಕೂಸಿಗೆ ಅಜ್ಜನ ಮುತ್ತು, ಸ್ಫೂರ್ತಿಗೆ ಆಶೀರ್ವಾದ, ಬೀಗರಿಗೆಲ್ಲ ಶರಣು.

ನಿನ್ನ
ಷಣ್ಮುಖಪ್ಪ

ಬರೆಯಲೋ ಬೇಡವೋ ಎಂದಿದ್ದೆ, ದೇವರಾಜ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ: ಸೀಟು ಎತ್ತರವಿರಲಿಲ್ಲ ಕಣೆ. ಇವತ್ತು ಗೋಡೆ ಹಿಡಿದು ಸೈಕಲ್ ಮೇಲೆ ಕೂತೆ. ಎಡಗಾಲು ಗಾಳಿಯಲ್ಲೇ ಇದೆ ಅನ್ನಿಸಿತು. ಬಗ್ಗಿ ನೋಡಿದರೆ ಪಾದ ಪೂರ್ತಿ ನೆಲದ ಮೇಲಿತ್ತು. ಉಗುರು ಇಳಿಯುವಷ್ಟು ಚಿವುಟಿದೆ, ಏನೂ ಗೊತ್ತಾಗಲಿಲ್ಲ. ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಧೈರ್ಯವಿಲ್ಲ. ಸ್ಫೂರ್ತಿಗೆ ಏನಾದರೂ ನೆಪ ಹೇಳಿ ನಾಳೆ ಬೆಳಗಿನ ಬಸ್ಸಿಗೇ ಬಂದುಬಿಡು.